ಚಳಿಗೆ ಹೆಪ್ಪುಗಟ್ಟಿದ ಎಣ್ಣೆ

ಟಕ್!

ಅಡುಗೆಮನೆಯ ಕಲ್ಲಿನ ಮೇಲೆ ಗಾಜು ತಗುಲಿದಂಥ ಸಣ್ಣ ಸದ್ದು. ಅರ್ಪಿತ ಕತ್ತಲಲ್ಲೇ ಕಣ್ಣು ಬಿಟ್ಟಳು. ಇಲಿ ಓಡಾಡಿದರೂ ಎದ್ದು ಹೋಗಿ ನೋಡುವ ಹೆಣ್ಣು ಅವಳು. ಆದರೆ ಆ ರಾತ್ರಿ ಮೂರು ವರ್ಷದ ಮಗಳು ಇಂಪನಾ ಹಠ ಮಾಡಿ ಮಾಡಿ ದಣಿದು, ಆಗಷ್ಟೇ ಅವಳ ತೋಳಿನ ಮೇಲೆ ನಿದ್ದೆ ಹೋಗಿದ್ದಳು. ತೋಳು ಎಳೆದುಕೊಂಡರೆ ಮಗು ಏಳುತ್ತದೆ... ಅತ್ತೆ ನೀರು ಕುಡಿಯಲು ಎದ್ದಿರಬೇಕು ಎಂದುಕೊಂಡಳು. ಸದ್ದು ಮತ್ತೆ ಬರಲಿಲ್ಲ. ಅವಳೂ ಏಳಲಿಲ್ಲ.

ಅಯ್ಯೋ, ಆ ಒಂದು ರಾತ್ರಿ ಎದ್ದಿದ್ದರೆ!

ಸೂಲಿಬೆಲೆಯ ಆ ಮನೆ ಹೈನಿನ ಮನೆ. ಡೇರಿಗೆ ಹಾಕಿ ಉಳಿದ ಹಾಲಿನಲ್ಲಿ ಅತ್ತೆ ಲಕ್ಷ್ಮೀದೇವಮ್ಮ ಬೆಣ್ಣೆ ಕಡೆದು ತುಪ್ಪ ಕಾಯಿಸಲು ನಿಂತರೆ ಬೀದಿಯ ಕೊನೆಯವರೂ ಮೂಗರಳಿಸುತ್ತಿದ್ದರು. ಅಂಥ ಮನೆಯಲ್ಲಿ ಹುಟ್ಟಿದ ಮಗುವಿಗೆ ತುಪ್ಪವೇ ವಿಷವಾಗಿತ್ತು. ಎಲ್ಲರ ಮೈ ಕೊಬ್ಬನ್ನು ಉರಿಸಿ ಶಕ್ತಿ ಮಾಡಿಕೊಳ್ಳುವ ಹಾಗೆ ಇಂಪನಾಳ ಮೈಗೆ ಆಗುತ್ತಿರಲಿಲ್ಲ. ಹಾಲುಗೂಸಾಗಿದ್ದಾಗ ಒಂದು ದಿನ ಏನೂ ಕುಡಿಯದೆ ಮಲಗಿದವಳು ಬೆಳಿಗ್ಗೆ ಕಣ್ಣೇ ಬಿಟ್ಟಿರಲಿಲ್ಲ. ಬೆಂಗಳೂರಿನ ಆಸ್ಪತ್ರೆಯವರು ಹೇಗೋ ಉಳಿಸಿಕೊಟ್ಟಿದ್ದರು. ಅಲ್ಲಿನ ಆಹಾರತಜ್ಞೆ ಒಂದು ಬಾಟಲಿ ಎಣ್ಣೆಯನ್ನು ಅರ್ಪಿತಳ ಕೈಗಿಟ್ಟು ನಿಧಾನವಾಗಿ ವಿವರಿಸಿದ್ದಳು.

"ತುಪ್ಪ, ಬೆಣ್ಣೆ, ಕಡಲೆಕಾಯಿ, ಕೊಬ್ಬರಿ... ಇವುಗಳಲ್ಲಿ ಹೆಚ್ಚಾಗಿರೋದು ಉದ್ದ ಸರಪಳಿಯ ಕೊಬ್ಬು. ಅದು ಇವಳಿಗೆ ಆಗಲ್ಲ. ಇದು ಮಧ್ಯಮ ಸರಪಳಿಯದ್ದು, ಬೇಗ ಶಕ್ತಿಯಾಗುತ್ತೆ. ತೆಂಗಿನೆಣ್ಣೆಯಿಂದಾನೇ ಬೇರ್ಪಡಿಸಿ ತೆಗೀತಾರೆ, ಆದ್ರೆ ತೆಂಗಿನೆಣ್ಣೆ ಅಲ್ಲ. ಫ್ರಿಜ್‌ನಲ್ಲಿಟ್ಟರೂ ಗಟ್ಟಿಯಾಗಲ್ಲ ನೋಡಿ, ನೀರಿನ ಹಾಗೇ ಇರುತ್ತೆ."

ಬಿ.ಎಸ್ಸಿ. ಓದಿದ ಅರ್ಪಿತಳಿಗೆ ಎಲ್ಲವೂ ಅರ್ಥವಾಗಿತ್ತು. ಮಾತನ್ನು ತೂಗಿ ಆಡುವವಳು ಅವಳು. ಆದರೆ ಮನೆಗೆ ಬಂದ ದಿನ ಅತ್ತೆಯ ಮುಖ ಬಾಡಿದ್ದು ಕಂಡು, ಸಮಾಧಾನಕ್ಕೆಂದು ಅರ್ಧ ಮಾತನ್ನಷ್ಟೇ ಆಡಿದಳು. "ಭಯ ಪಡ್ಬೇಡಿ ಅತ್ತೆ, ತೆಂಗಿನದ್ದೇ."

ಲಕ್ಷ್ಮೀದೇವಮ್ಮನಿಗೆ ಸಮಾಧಾನವಾಗಲಿಲ್ಲ. "ಕೊಬ್ರಿ ಎಣ್ಣೆ ತಲೆಗೆ ಹಚ್ಚೋದು ಕಣಮ್ಮ, ಬಾಯಿಗೆ ಹಾಕೋದಲ್ಲ! ಹಸು ಕರೆಯೋ ಮನೇಲಿ ಹುಟ್ಟಿ ನನ್ ಸೊಣ್ಣಿ ತಲೆ ಎಣ್ಣೇಲಿ ಅನ್ನ ತಿನ್ಬೇಕಾ?" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮೊಮ್ಮಗಳಿಗೆ ತನ್ನ ತಾಯಿಯ ಹೆಸರಿಟ್ಟು ಸೊಣ್ಣಿ ಎಂದೇ ಕರೆಯುತ್ತಿದ್ದಳು ಅವಳು. ಮೆತ್ತಗೆ ಬೆಂದ ಅನ್ನಕ್ಕೆ ಒಂದು ಹನಿ ತುಪ್ಪ ತಾಗಿಸಲು ಎರಡು ಸಲ ಪ್ರಯತ್ನಿಸಿ ಸಿಕ್ಕಿಬಿದ್ದಿದ್ದಳು. ಎರಡನೆಯ ಸಲ ಅರ್ಪಿತ ತಟ್ಟೆಯನ್ನೇ ಕಸಿದುಕೊಂಡಿದ್ದಳು.

"ಇನ್ನೊಂದ್ಸಲ ನನ್ನ ಕೇಳದೆ ಮಗು ಅನ್ನಾನೋ ಆ ಬಾಟ್ಲೀನೋ ಮುಟ್ಟಿ ನೋಡಿ! ಇವಳನ್ನ ಎತ್ಕೊಂಡು ತವರಿಗೆ ಹೋಗ್ಬಿಡ್ತೀನಿ. ಮತ್ತೆ ಇವಳ ಮುಖ ನೋಡಲ್ಲ ನೀವು!"

ಲಕ್ಷ್ಮೀದೇವಮ್ಮ ಗೋಡೆಗೊರಗಿ ನಿಂತಳು. ಅಂದಿನಿಂದ ಆ ಬಾಟಲಿಯ ಹತ್ತಿರ ಸುಳಿಯಲಿಲ್ಲ. ಸೊಸೆ ಹಾಗೆಂದುಕೊಂಡಿದ್ದಳು.

ಗೌರಿ ಹಬ್ಬ ಬಂತು. ಒಬ್ಬಟ್ಟು ಬೇಯುವಾಗ ಅರ್ಪಿತ ಅತ್ತೆಯ ಕೈಯ ಮೇಲಿನ ಕಣ್ಣು ತೆಗೆಯಲಿಲ್ಲ. ತುಪ್ಪದ ಪಾತ್ರೆಯನ್ನು ಎತ್ತರದ ಅಟ್ಟಕ್ಕೇರಿಸಿದಳು. ಬಾಟಲಿಯ ಎಣ್ಣೆಯನ್ನು ಎಂದಿನಂತೆ ತಾನೇ ಅಳೆದು ಮಗಳ ಗಂಜಿಗೆ ಬೆರೆಸಿದಳು. ಒಮ್ಮೆ ಕೊಬ್ಬರಿಯ ವಾಸನೆ ತೆಳ್ಳಗೆ ಮೂಗಿಗೆ ಬಡಿಯಿತು. ಹಬ್ಬಕ್ಕೆ ತಲೆಗೆ ಹಚ್ಚಿಕೊಂಡಿದ್ದೆನಲ್ಲ, ತನ್ನ ಜಡೆಯದ್ದೇ ಇರಬೇಕು ಎಂದುಕೊಂಡಳು. ಅತ್ತೆಯ ಕೈಯನ್ನು ಕಾಯುತ್ತಿದ್ದವಳು ತನ್ನ ಕೈಯಲ್ಲಿದ್ದುದನ್ನು ನೋಡಲಿಲ್ಲ!

ಹಬ್ಬ ಕಳೆದ ಮೇಲೆ ಮಗು ಸೋತಂತೆ ಕಂಡಿತು. ಕಾಲು ನೋವೆಂದು ಅಳುತ್ತಿತ್ತು. ಅದರ ಮೇಲೆ ಜ್ವರ ಬಂತು. ಗಂಜಿ ಕುಡಿದದ್ದೆಲ್ಲ ವಾಂತಿಯಾಯಿತು. ಗಂಡ ಮುನಿರಾಜ್ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಓಡಿಸುತ್ತಿದ್ದರೆ ಹಿಂದಿನ ಸೀಟಿನಲ್ಲಿ ಅರ್ಪಿತ, "ಚಿನ್ನ, ಕಣ್ಣು ಬಿಡು... ಅಮ್ಮನ್ನ ನೋಡು..." ಎನ್ನುತ್ತಲೇ ಇದ್ದಳು. ಹೊಸಕೋಟೆ ದಾಟುವ ಹೊತ್ತಿಗೆ ಇಂಪನಾ ಉತ್ತರ ಕೊಡುವುದನ್ನು ನಿಲ್ಲಿಸಿದ್ದಳು. ಆಸ್ಪತ್ರೆಯಲ್ಲಿ ವೈದ್ಯರು ಬಹಳ ಹೊತ್ತು ಒದ್ದಾಡಿ, ಕೊನೆಗೆ ಹೊರಗೆ ಬಂದು ತಲೆ ತಗ್ಗಿಸಿದರು. ಹೃದಯ ಸೋತಿತ್ತು. ಜ್ವರದಿಂದಲೋ, ಹೊಟ್ಟೆಗಿಲ್ಲದೆಯೋ, ಇನ್ನೇತರಿಂದಲೋ, ಇಂಥದ್ದರಿಂದಲೇ ಎಂದು ಹೇಳಲಾಗದು ಎಂದರು.

ಅರ್ಪಿತ ಹುಚ್ಚಿಯಂತೆ ಅತ್ತೆಯತ್ತ ತಿರುಗಿದಳು.

"ತುಪ್ಪ ಕೊಟ್ರಿ ತಾನೆ? ಹೇಳಿ! ನಾನು ಕಾಣದಂಗೆ ಕೊಟ್ಬಿಟ್ರಿ ತಾನೆ?"

"ಇಲ್ಲ ಕಣವ್ವಾ... ಆ ಬಸವನಾಣೆ, ಒಂದು ತೊಟ್ಟೂ ಕೊಟ್ಟಿಲ್ಲ..."

"ಸಾಕು ನಿಲ್ಸು!" ಮುನಿರಾಜ್‌ನ ಧ್ವನಿ ಒಡೆದಿತ್ತು. "ನೀನು ಅಳೆದೂ ಅಳೆದೂ ಕೊಟ್ಟೆಯಲ್ಲ ಆ ಎಣ್ಣೆ, ಅದು ಉಳಿಸ್ತಾ ನನ್ ಮಗೂನ? ಇನ್ನೂ ನಮ್ಮಮ್ಮನ್ನೇ ಅಂತೀಯಾ?"

ಮಣ್ಣು ಮಾಡಿ ಬಂದ ದಿನ ನೆರೆಮನೆಯ ಪಾಪಕ್ಕ, ಎಲ್ಲರಿಗೂ ಕೇಳುವಂತೆಯೇ ಪಿಸುಗುಟ್ಟಿದಳು. "ತಲೆ ಎಣ್ಣೆ ತಿನ್ಸಿ ತಿನ್ಸಿ ಕೂಸನ್ನ ತಿಂದ್ಕೊಂಡ್ಳು. ಓದಿದೋಳಂತೆ, ಓದಿದೋಳು!"

ಅಂದಿನಿಂದ ಮುನಿರಾಜ್ ಹೆಂಡತಿಯ ಮುಖ ನೋಡಿ ಮಾತನಾಡಲಿಲ್ಲ.

ಚಳಿ ಬಂತು. ಸೂಲಿಬೆಲೆಯ ಹೊಲಗಳ ಮೇಲೆ ಬೆಳಗಿನ ಮಂಜು ಕವಿಯುವ ದಿನಗಳು. ಒಂದು ಮುಂಜಾನೆ ಕಾಫಿಗೆ ನೀರಿಡಲು ಬಂದ ಅರ್ಪಿತಳ ಕಣ್ಣು ಗೂಡಿನೊಳಗಿನ ಬಾಟಲಿಯ ಮೇಲೆ ಬಿತ್ತು. ಮಗು ಹೋದ ಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ. ಎಸೆಯುವ ಶಕ್ತಿ ಅವಳಿಗೆ ಬಂದಿರಲಿಲ್ಲ.

ಬಾಟಲಿಯೊಳಗೆ ಎಣ್ಣೆ ಬೆಳ್ಳಗಿತ್ತು.

ಕೈಗೆತ್ತಿಕೊಂಡು ಓರೆ ಮಾಡಿದಳು. ಹರಿಯಲಿಲ್ಲ. ತಲೆಕೆಳಗು ಮಾಡಿದಳು. ಆಗಲೂ ಹರಿಯಲಿಲ್ಲ. ಮುಚ್ಚಳ ತೆಗೆದು ಮೂಗಿಗೆ ಹಿಡಿದಳು... ಕೊಬ್ಬರಿ! ಗಾಣದಲ್ಲಿ ಆಡಿಸಿದ, ಹಿತ್ತಿಲ ಮರದ ಕೊಬ್ಬರಿ! 'ಫ್ರಿಜ್‌ನಲ್ಲಿಟ್ಟರೂ ಗಟ್ಟಿಯಾಗಲ್ಲ...' ಎಂದಿದ್ದಳು ಆಸ್ಪತ್ರೆಯ ಆಹಾರತಜ್ಞೆ.

"ಅತ್ತೆ..."

ಒಲೆಯ ಬಳಿ ಕೈ ಕಾಯಿಸಿಕೊಳ್ಳುತ್ತಿದ್ದ ಲಕ್ಷ್ಮೀದೇವಮ್ಮ ತಿರುಗಿದಳು. ಸೊಸೆಯ ಕೈಯಲ್ಲಿದ್ದುದನ್ನು ಕಂಡು ಮುಖ ಸಣ್ಣದಾಯಿತು.

"ಬೈಬೇಡ ಕಣವ್ವಾ... ಹಬ್ಬದ್ ಮುಂಚೆ ಒಂದಿನ ರಾತ್ರಿ ನೀರು ಕುಡಿಯಾಕೆ ಎದ್ದಿದ್ದೆ. ಕೈ ತಗ್ಲಿ ಈ ಬಾಟ್ಲಿ ಉರುಳೋಯ್ತು, ಮುಚ್ಚಳ ಸಡಿಲ ಇತ್ತೇನೋ. ಎತ್ತಿ ಇಡೋವೊತ್ಗೆ ತಳದಾಗ್ ಒಸಿ ಉಳಿದಿತ್ತು. ಮಗೀನ ಎತ್ಕೊಂಡ್ ಹೋಗ್ಬಿಡ್ತೀನಿ ಅಂದಿದ್ಯಲ್ಲ ನೀನು... ಎದೆ ಒಡೆದೋಯ್ತು ನಂಗೆ. ನಮ್ಮನೇದೇ ತಂದು ತುಂಬ್ಸಿಟ್ಟೆ. ಶುದ್ಧವಾದ್ದು, ನೀನೇ ಅಂದಿದ್ಯಲ್ಲ ತೆಂಗಿಂದೇ ಅಂತ..."

ಆ ಸದ್ದು... ಟಕ್... ಅರ್ಪಿತ ಗೂಡಿನ ಅಂಚು ಹಿಡಿದುಕೊಂಡಳು. ತನ್ನ ಅರ್ಧ ಮಾತು, ತನ್ನ ಬೆದರಿಕೆ, ಏಳದೆ ಉಳಿದ ತನ್ನ ಆ ರಾತ್ರಿ, ಎಲ್ಲ ಒಟ್ಟಿಗೆ ಎದುರು ಬಂದು ನಿಂತವು.

ಮುದುಕಿ ಅವಳ ಮುಖವನ್ನೇ ನೋಡುತ್ತಿದ್ದಳು.

"ಯಾಕವ್ವಾ ಸುಮ್ನಾದೆ? ಎರಡೂ ಒಂದೇ ಅಲ್ವಾ? ಅದ್ರಿಂದ ಏನಾರ... ನನ್ ಸೊಣ್ಣಿಗೆ... ನನ್ನಿಂದ ಏನಾರ..."

ಅದೇ ಹೊತ್ತಿಗೆ ಕೊಟ್ಟಿಗೆಯಿಂದ ಹಾಲಿನ ಕ್ಯಾನ್ ಹಿಡಿದು ಮುನಿರಾಜ್ ಬಾಗಿಲಲ್ಲಿ ನಿಂತ. "ಏನದು, ಬೆಳಿಗ್ಗೆ ಬೆಳಿಗ್ಗೇನೆ?"

ಒಂದೇ ಮಾತು ಸಾಕಿತ್ತು. ಗಂಡ ಮತ್ತೆ ಅವಳ ಮುಖ ನೋಡುತ್ತಿದ್ದ. ಪಾಪಕ್ಕನ ಬಾಯಿ ಮುಚ್ಚುತ್ತಿತ್ತು. ಊರಿನ ಕಣ್ಣಲ್ಲಿ ಅವಳು ಮಗಳನ್ನು ತಿಂದವಳಾಗಿ ಉಳಿಯುತ್ತಿರಲಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ಈ ಮುದುಕಿ ಸಂಜೆಯವರೆಗೂ ಬದುಕಿರುವಳೇ? ಹಿತ್ತಿಲ ಬಾವಿಗೆ ಕಟ್ಟೆ ಕೂಡ ಇರಲಿಲ್ಲ.

"ಏನಿಲ್ಲ," ಎಂದಳು ಅರ್ಪಿತ. "ಎಣ್ಣೆ ಚಳಿಗೆ ಗಟ್ಟಿಯಾಗಿದೆ. ಅತ್ತೆ ತಲೆಗೆ ಹಚ್ಚೋಣ ಅಂತ."

ಮುನಿರಾಜ್ ಎಂದಿನಂತೆ ಮುಖ ತಿರುಗಿಸಿಕೊಂಡು ಹೊರಟುಹೋದ.

ಅವಳು ಬಾಟಲಿಯನ್ನು ಬಿಸಿನೀರಿನಲ್ಲಿ ನಿಲ್ಲಿಸಿದಳು. ಬಿಳುಪು ಅಂಚಿನಿಂದ ಕರಗುತ್ತಾ ಬಂದು ಎಣ್ಣೆ ನೀರಿನಂತೆ ತಿಳಿಯಾಯಿತು. ಅತ್ತೆಯನ್ನು ಮಣೆಯ ಮೇಲೆ ಕೂರಿಸಿ, ನೆರೆತ ಕೂದಲನ್ನು ಬಿಡಿಸಿ, ಅಂಗೈಯಲ್ಲಿ ಸುರಿದುಕೊಂಡು ನೆತ್ತಿಗೆ ತಟ್ಟಿದಳು. ಬಾಟಲಿ ಪೂರ್ತಿ ಬರಿದಾಗುವವರೆಗೂ ಹಚ್ಚಿದಳು. ಕಣ್ಣೀರು ಎಣ್ಣೆಯ ಮೇಲೆ ಬಿದ್ದು ಜಾರುತ್ತಿತ್ತು.

"ಹೇಳವ್ವಾ," ಮುದುಕಿ ಮತ್ತೆ ಕೇಳಿದಳು, "ಎರಡೂ ಒಂದೇ ಅಲ್ವಾ?"

"ಹೂಂ ಅತ್ತೆ... ಎರಡೂ ಒಂದೇ."

ಎರಡೂ ಒಂದಲ್ಲ ಎಂಬುದನ್ನು ಇನ್ನು ಯಾರಿಗೂ, ಎಂದಿಗೂ ಹೇಳಬಾರದೆಂದು ಅವಳು ಆಗಲೇ ನಿರ್ಧರಿಸಿಯಾಗಿತ್ತು.