ಗಳಗನಾಥದಲ್ಲೂ ಕಟ್ಟಿದ ಉಸಿರು

“ಒಂದ್ ಲೋಟ ನೀರು ಕೊಡ್ರಿ. ಗುಳಿಗಿ ನುಂಗಿ ನಮ್ಮೂರು ಅಗಡಿ ಬಸ್ ಹಿಡೀತೇನಿ.”

ಔಷಧಿ ಅಂಗಡಿಯ ಗಾಜಿನ ಮೇಲೆ ಕೈಯೂರಿ ನಿಂತಿದ್ದಳು ಜ್ಯೋತಿಲಕ್ಷ್ಮಿ. ಮೈ ಸುಡುತ್ತಿತ್ತು. ನೀರು ಕೊಡುವಾಗ ಅಂಗಡಿಯ ಹುಲಿಗೇಶನ ಬೆರಳು ತಾಗಿತು. ಇಬ್ಬರೂ ಬೇರೆಲ್ಲೋ ನೋಡಿದರು.

“ಜ್ವರ ಇಟ್ಕೊಂಡು ಯಾಕ ಬಂದ್ರಿ?”

“ಹೇಳಿ ಹೋಗೂಣು ಅಂತ. ಇವತ್ತ ಗುತ್ತಲದವರು ನನ್ನ ನೋಡಾಕ ಬರ್ತಾರ.”

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಅವಳ ಕೆಲಸ. ಆಗಾಗ ಉಸಿರು ಕಟ್ಟುತ್ತಿತ್ತು. ಅಲ್ಲಿ ಕೆಮ್ಮದವರೇ ಇಲ್ಲ. ಎಲ್ಲರೂ ಮೆಣಸಿನ ಘಾಟಿನ ಮೇಲೆ ತಪ್ಪು ಹಾಕಿ ಸುಮ್ಮನಾಗಿದ್ದರು. ಈ ಘಾಟಿನ ಊರಿಗೆ ಮಗಳನ್ನು ಕೊಡುವುದಿಲ್ಲವೆಂದು ಅವ್ವ ದೇವವ್ವ ಹಟ ಹಿಡಿದಿದ್ದಳು. ಜ್ಯೋತಿಗೆ ಈ ಊರೆಂದರೆ ಹುಲಿಗೇಶ.

“ಅಕ್ಕನ ಊರು ಗಳಗನಾಥಕ್ಕ ಹೋಗಿದ್ನಲ್ರಿ, ಅಲ್ಲೂ ಉಸಿರು ಕಟ್ತು. ನಿಮ್ಮೂರ ಘಾಟು ಭಾಳ ಹಟಮಾರಿ, ಬೆನ್ನ ಹತ್ತಿ ಬಂದಿತ್ತು.” ನಗುತ್ತಲೇ ಗುಳಿಗೆಯನ್ನು ಬಾಯಿಗೆ ಒಯ್ದಳು.

ಅವನು ಮಣಿಕಟ್ಟು ಹಿಡಿದುಬಿಟ್ಟ. ನೀರು ಚೆಲ್ಲಿತು.

“ಹೊಳಿ ದಂಡಿಮ್ಯಾಲಿನ ಆ ಊರಾಗ ಎಲ್ಲೀದು ಘಾಟು? ಅಲ್ಲಿ ಏನ್ ತಗೊಂಡಿದ್ರಿ?”

“ಮೈಕೈ ನೋವಿಗೆ ಇದನ್ನ. ನೀವ ಕೊಟ್ಟಿದ್ರಲ್ಲಾ.”

ಅವನ ಮುಖ ಬಿಳುಚಿತು. ಕೈ ಮಾತ್ರ ಬಿಡಲಿಲ್ಲ.

“ಪೆಟ್ಟಾದ್ರ, ಸೋಂಕಾದ್ರ, ಮೈಯಾಗಿನ ಕೊಬ್ಬಿನಿಂದನ ಸುದ್ದಿ ಒಯ್ಯೋ ಕಣ ಹುಟ್ತಾವ. ಪ್ರೊಸ್ಟಾಗ್ಲಾಂಡಿನ್ ಅಂತಾರ. ಜ್ವರ, ನೋವು, ಬಾವು ತರೋದು ಅವ. ಈ ಗುಳಿಗಿ ಅವನ್ನ ತಡೀತೈತಿ. ಆದ್ರ ಕೆಲವರ ಮೈಯಾಗ ಅದ ಕೊಬ್ಬು ಬ್ಯಾರೆ ದಾರಿ ಹಿಡಿದು ಉಸಿರಿನ ಕೊಳವಿ ಬಿಗೀತೈತಿ.” ಅವಳ ಬೆರಳಿಂದ ಗುಳಿಗೆ ಕಿತ್ತುಕೊಂಡ. “ಘಾಟಿಗಿಂತ ನಾನ ಕೆಟ್ಟವ, ಜ್ಯೋತಿ. ನಿನಗ ನೋವು ಅಂದ್ರ ನನಗ ತಡಿಯಾಕ ಆಗ್ತಿದ್ದಿಲ್ಲ. ಕೇಳಿದಾಗೆಲ್ಲ ಕೊಟ್ಟೆ.”

ಅವನು ಅವಳನ್ನು ಏಕವಚನದಲ್ಲಿ ಕರೆದದ್ದು ಇದೇ ಮೊದಲು.

“ಖರೇನ? ಗುಳಿಗಿ ಬಿಟ್ರ ನಾ ಇಲ್ಲೇ ಇರಬಹುದಾ?”

“ಡಾಕ್ಟರು ನೋಡಿ ಹೇಳಬೇಕು. ಲಗೂ ನಡಿ, ಹಾವೇರಿಗೆ ಹೋಗೂಣು.”

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು.

“ಎಲ್ಲಿ ಹೋಗೀದಿ?” ಅವ್ವ ಪಿಸುದನಿಯಲ್ಲೇ ಗದರಿದಳು. “ಬೀಗರು ಬಂದು ಕುಂತಾರ!”

ಜ್ಯೋತಿ ಅವನ ಕಣ್ಣಲ್ಲಿ ಕಣ್ಣಿಟ್ಟಳು. ಹೆದರಿಕೆಯಿಂದ ಅವು ತುಂಬಿದ್ದವು.

“ಚಹಾ ಕೊಟ್ಟು ಕಳಿಸವ್ವಾ ಅವರನ್ನ. ನಾ ಹುಲಿಗೇಶನ ಜೋಡಿ ದವಾಖಾನಿಗೆ ಹೊಂಟೇನಿ. ಡಾಕ್ಟರು ಏನರ ಹೇಳ್ಲಿ, ಇವರನ್ನ ಬಿಟ್ಟು ನಾ ಎಲ್ಲೂ ಹೋಗಾಂಗಿಲ್ಲ.”