ಕಣ್ಣು ಮುಚ್ಚಿ ಹಾರಿದವನು

"ರೀ, ಆ ಕಿಟಕಿ ಪಕ್ಕದ ಸೀಟು ನಂದು!"

ಕೂತಿದ್ದ ಯುವಕ ತಲೆ ಎತ್ತಿದ. ಅಕ್ಕನಾಗಮ್ಮನ ಎದೆ ಧಸಕ್ಕೆಂದಿತು.

ಪರಮಶಿವಪ್ಪ! ಸೊರಬದ ಭತ್ತದ ವ್ಯಾಪಾರಿಗಳ ಮಗ. ಹೋದ ವರ್ಷ ಶಿಕಾರಿಪುರಕ್ಕೆ ಬಂದು, ಅವಳನ್ನು ನೋಡಿ, ಉಪ್ಪಿಟ್ಟು ತಿಂದು ಹೋಗಿ, 'ಹುಡುಗಿ ಬೇಡ' ಎಂದು ಹೇಳಿಕಳಿಸಿದವನು. ಇವನು ಇಲ್ಲಿ... ಈ ಕಾಠ್ಮಂಡುವಿನ ವಿಮಾನದಲ್ಲಿ?

"ಬನ್ನಿ, ಕೂತ್ಕೊಳ್ಳಿ. ನನಗೆ ಕಿಟಕಿ ಬೇಡ," ಎಂದು ಅವನು ಪಕ್ಕದ ಸೀಟಿಗೆ ಸರಿದ.

'ಕಿಟಕಿಯೂ ಬೇಡವಂತೆ!' ಎಂದುಕೊಂಡು ಅವಳು ಮುಖ ತಿರುಗಿಸಿ ಕೂತಳು.

ಅದು ಐವತ್ತೆಂಟನೆಯ ಇಸವಿ. ಎರಡೂ ಊರಿನವರು ಬೇರೆ ಬೇರೆ ತಂಡಗಳಲ್ಲಿ ಕಾಶಿಗೆ ಹೋಗಿ, ಅಲ್ಲಿಂದ ಪಶುಪತಿನಾಥನ ದರ್ಶನಕ್ಕೆ ಬಂದಿದ್ದರು. ಹಿಮದ ಬೆಟ್ಟಗಳನ್ನು ಮೇಲಿಂದ ತೋರಿಸಿಕೊಂಡು ಬರುವ ವಿಮಾನವೊಂದಿದೆ ಎಂದು ಕೇಳಿದ್ದೇ ತಡ, ಅಕ್ಕನಾಗಮ್ಮನಿಗೆ ನಿದ್ದೆ ಹತ್ತಲಿಲ್ಲ.

"ಶಿವ ಇರೋ ಜಾಗದ ಮೇಲೆ ಹಾರೋದಾ? ನಾನಂತೂ ಒಲ್ಲೆ ತಾಯಿ," ಎಂದ ತಂದೆ ಸದಾಶಿವಪ್ಪನವರು, ಮಗಳ ಆಸೆಗೆ ಸೋತು, ತಮ್ಮ ತಂಗಿ ವೀರಮ್ಮನನ್ನು ಜೊತೆಗೆ ಕಳಿಸಿದ್ದರು. ಆ ಸೋದರತ್ತೆಯೋ ಹಿಂದಿನ ಸೀಟಿನಲ್ಲಿ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು, ಬಾಗಿಲು ಹಾಕಿದಾಗಲೇ ಕಣ್ಣು ಮುಚ್ಚಿದ್ದರು!

ವಿಮಾನ ಗುಡುಗುತ್ತಾ ಮೇಲೆದ್ದಿತು. ಮನೆಗಳು ಮಕ್ಕಳ ಆಟದ ಸಾಮಾನಾದವು. ಮೋಡ ಸರಿಯಿತು...

"ಅಯ್ಯೋ ಶಿವನೇ!"

ಸಾಲು ಸಾಲು ಬಿಳಿ ಶಿಖರಗಳು! ಇಷ್ಟು ಬಿಳುಪು ಲೋಕದಲ್ಲಿದೆಯೇ? ಆ ಕಣಿವೆಯಲ್ಲಿ ಯಾರಿರಬಹುದು? ಅಲ್ಲಿ ಒಲೆಗೆ ಏನು ಉರಿಸುತ್ತಾರೆ? ತುಟಿಗೆ ಬಂದ ಪ್ರಶ್ನೆಗಳನ್ನು ಅವಳು ನುಂಗಿದಳು. ಒಂದು ವರ್ಷದಿಂದ ಅದೇ ಅಭ್ಯಾಸ. 'ನೋಡಕ್ಕೆ ಬಂದ ಗಂಡನ್ನೇ ಪ್ರಶ್ನೆ ಕೇಳಿದ್ರೆ ಯಾರೇ ಒಪ್ತಾರೆ?' ಎಂದು ಅತ್ತೆ ಆ ದಿನ ಬೈದಿದ್ದರು.

ಪಕ್ಕದಿಂದ ಸಣ್ಣ ದನಿ ಕೇಳಿಸಿತು.

"ಏನು... ಏನು ಕಾಣ್ತದೆ?"

ತಿರುಗಿದರೆ, ಪರಮಶಿವಪ್ಪ ಕಣ್ಣು ಬಿಗಿಯಾಗಿ ಮುಚ್ಚಿ, ಸೀಟಿನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದ. ಹಣೆಯ ಮೇಲೆ ಬೆವರು!

"ಇಷ್ಟು ಹೆದರೋರು ಯಾಕ್ರೀ ಹತ್ತಿದ್ರಿ?"

"ನೋಡ್ಬೇಕು ಅಂತ ಆಸೆ. ಧೈರ್ಯ ಮಾತ್ರ ಕೆಳಗೇ ಉಳೀತು."

ಅವಳಿಗೆ ಪಾಪ ಅನ್ನಿಸಿತು.

"ಬೆಟ್ಟ ಐತ್ರೀ. ಬೆಣ್ಣೆ ಮುದ್ದೆ ಅನ್ನಾಣ ಅಂದ್ರೆ, ಬೆಣ್ಣೆಗೆ ಈ ಹೊಳಪಿಲ್ಲ. ಕೆಳಗೊಂದು ಹೊಳೆ... ಶಿವದಾರದಷ್ಟು ಸಣ್ಣಕೆ! ಅದರ ದಂಡೆ ಮ್ಯಾಲೆ ಹೊಗೆ ಏಳ್ತೈತೆ. ಯಾರೋ ಅಡಿಗೆ ಮಾಡ್ತಾ ಇರ್ಬೇಕು, ಅಲ್ವಾ?"

ಅವಳು ಹೇಳುತ್ತಾ ಹೋದಳು. ಅವನು ಕೇಳುತ್ತಾ ಹೋದ. ನಿಧಾನಕ್ಕೆ ಒಂದು ಕಣ್ಣು ತೆರೆದ, ಆಮೇಲೆ ಇನ್ನೊಂದು.

"ಅವತ್ತು ನೀವು ನಕ್ಕುಬಿಟ್ರಿ," ಎಂದ ತಟ್ಟನೆ.

"ಯಾವತ್ತು?"

"ಊರಾಚೆ ಏನೇನು ನೋಡಿದ್ದೀರಿ ಅಂತ ಕೇಳಿದ್ರಲ್ಲ... ಶಿವಮೊಗ್ಗ ಅಂದೆ. ನಕ್ಕಿರಿ. ಇಂಥ ಹಳ್ಳಿಗಮಾರ ನಿಮಗೆ ಸೇರಲ್ಲ ಅಂದ್ಕೊಂಡೆ. ಅದಕ್ಕೇ ಬೇಡ ಅಂದೆ."

ಅಕ್ಕನಾಗಮ್ಮ ಕಿಟಕಿಯನ್ನೇ ಮರೆತಳು. ಅದಕ್ಕಾ? ಅಷ್ಟಕ್ಕಾ?

"ನಾನು ಶಿವಮೊಗ್ಗನೂ ನೋಡಿರ್ಲಿಲ್ರೀ! ನನ್ನ ಹಂಗೇ ಇನ್ನೊಬ್ರು ಇದ್ದಾರಲ್ಲ ಅಂತ ಖುಷಿಗೆ ನಕ್ಕೆ. ನೀವು ಬೇಡ ಅಂದ್ಮ್ಯಾಲೆ... ಯಾರನ್ನೂ ಏನೂ ಕೇಳಿಲ್ಲ ನಾನು."

ಅವಳ ಕಣ್ಣು ತುಂಬಿತು. ಅವನು ತಲೆ ತಗ್ಗಿಸಿದ.

"ತಪ್ಪಾಯ್ತು. ಬಾಯಿ ಬಿಟ್ಟು ಒಂದು ಮಾತು ಕೇಳ್ಬೇಕಿತ್ತು."

ವಿಮಾನ ತಿರುಗಿತು. ಶಿಖರಗಳು ಹಿಂದೆ ಸರಿದವು. ಪರಮಶಿವಪ್ಪ ಹಣೆಯ ಬೆವರು ಒರೆಸಿಕೊಂಡ.

"ಕೆಳಗಿಳಿದ ಕೂಡ್ಲೇ ನಿಮ್ಮಪ್ಪಾರನ್ನ ಕೇಳ್ಲಾ?"

"ಅಪ್ಪಾರನ್ನ ಆಮ್ಯಾಲೆ ಕೇಳ್ರಿ. ಮೊದ್ಲು ನನ್ನ ಕೇಳ್ರಿ."

ಅವನು ನೇರವಾಗಿ ಅವಳ ಕಡೆ ತಿರುಗಿದ.

"ನನ್ನ ಮದುವೆ ಆಗ್ತೀರಾ?"

ಅಷ್ಟರಲ್ಲಿ ಚಕ್ರಗಳು ನೆಲಕ್ಕೆ ತಾಗಿದವು. ಹಿಂದಿನಿಂದ ವೀರಮ್ಮ "ಶಿವ ಶಿವಾ!" ಎಂದರು. ಕುಲುಕಾಟ ನಿಂತರೂ ಪರಮಶಿವಪ್ಪನ ಕೈ ಸೀಟನ್ನು ಬಿಟ್ಟಿರಲಿಲ್ಲ.

"ಇನ್ನೂ ಯಾಕ್ರೀ ಹೆದರಿಕೆ? ವಿಮಾನ ಇಳೀತಲ್ಲ!"

"ಅದಕ್ಕಲ್ಲ... ನೀವಿನ್ನೂ ಹೂಂ ಅಂದಿಲ್ಲ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

"ಹೂಂ."