ಕಪ್ಪೆ ಕೂತ ಕೀಲು

ನನ್ನ ಅಕ್ಕನ ಮಗಳಿಗೆ ಸಿಟ್ಟು ಬಂದರೆ ಪಕ್ಕದ ಬೀದಿಯಲ್ಲಿ ಒಲೆಯಿಲ್ಲದೆ ಹಾಲು ಉಕ್ಕುತ್ತದೆ. ಸುಳ್ಳಲ್ಲ! ಆ ಹಾಲಿನಲ್ಲೇ ಚಹಾ ಮಾಡಿಕೊಂಡು ಕುಡಿದವಳು ನಾನು. ಅದಕ್ಕೇ ಮನೆಯಲ್ಲಿ ಅವಳನ್ನು ಕಿಡಿ ಎನ್ನುತ್ತೇವೆ.

ಆ ಸಂಜೆ ಕಿಡಿ ನಾಲ್ಕು ರಸ್ತೆ ಕೂಡುವ ಕಡೆ ತನ್ನ ಕಾರಿನಲ್ಲಿ ಕೂತು ಕುದಿಯುತ್ತಿದ್ದಳು. ಟಾಪ್ ಮಡಚುವಂಥ ಹಳೇ ಕಾರು, ಕೆನೆ ಬಣ್ಣ. ಅದನ್ನು ಮಾಡಿದ ಕಂಪನಿ ಮುಚ್ಚಿ, ಬಾಗಿಲಿಗೆ ಹಾಕಿದ ಬೀಗ ತುಕ್ಕು ಹಿಡಿದು, ಆ ತುಕ್ಕೂ ಉದುರಿಹೋಗಿ ಒಂದು ಯುಗವೇ ಆಗಿತ್ತು. ಈಗ ಟಾಪ್ ಅರ್ಧಕ್ಕೆ ಎದ್ದು, ಗಾಳಿಗೆ ತಿರುಗಿಕೊಂಡ ಛತ್ರಿಯಂತೆ ಆಕಾಶ ನೋಡುತ್ತಿತ್ತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ!

"ಯಾವ ಅಟ್ಟದಿಂದ ಇಳಿಸ್ಕೊಂಡ್ ಬಂದ್ರಮ್ಮ ಇದನ್ನ?" ಹಿಂದಿದ್ದ ಬಸ್ಸಿನವನು ಕೂಗಿದ.

"ನಿಮ್ಮ ಬಸ್ಸಿಗಿಂತ ಲಕ್ಷಣವಾಗಿದೆ, ಸುಮ್ನಿರ್ರೀ!"

ಆಗ ಮೂಲೆಯ ಅಂಗಡಿಯಿಂದ ಒಬ್ಬ ಹೊರಗೆ ಬಂದ. ಕಾರುಗಳ ಸೀಟು, ಟಾಪ್ ಹೊಲಿಯುವವನು. ಗೇಣುದ್ದದ ದಬ್ಬಣವನ್ನು ಸದಾ ಕಾಲರಿಗೆ ಚುಚ್ಚಿಕೊಂಡಿರುತ್ತಿದ್ದುದರಿಂದ ಬೀದಿಗೆಲ್ಲ ಅವನು ದಬ್ಬಣ. ಅವನು ಕಿಡಿಯನ್ನು ನೋಡಲೇ ಇಲ್ಲ. ನೇರವಾಗಿ ಟಾಪಿನ ಎಡಗಡೆ ಬಗ್ಗಿ, ಹೆಬ್ಬೆರಳುದ್ದದ ಕೀಲನ್ನು ನೋಡಿ ಲೊಚಗುಟ್ಟಿದ.

"ಯಾವ ಪುಣ್ಯಾತ್ಮ ಬೆಸುಗೆ ಹಾಕಿದ್ದು ಇದಕ್ಕೆ? ಕೀಲಿನ ಮೇಲೆ ಕಪ್ಪೆ ಕೂತ ಹಾಗಿದೆ!"

"ಪುಣ್ಯಾತ್ಮ ಅಲ್ಲ, ಪುಣ್ಯಾತ್ಗಿತ್ತಿ. ನಾನೇ!"

ಅವನು ಮೊದಲ ಸಲ ತಲೆಯೆತ್ತಿದ. ಕೆಂಪಾದ ಮೂಗು, ಹಣೆಗೆ ಅಂಟಿದ ಕೂದಲು, ಕೈಯಲ್ಲಿ ಸ್ಪಾನರ್... ಅವನ ಎದೆ ಅಲ್ಲೇ ಜಾರಿ ಚರಂಡಿಗೆ ಬಿತ್ತು.

"ನೀವು... ಕಾರು ಕೆಲಸದವ್ರಾ?"

"ಹಲ್ಲಿನ ಸೆಟ್ ಮಾಡೋಳು. ನಗಬೇಡಿ! ನೀವೂ ಒಂದಿನ ಬರ್ತೀರ ನನ್ನ ಹತ್ರ."

"ಈಗ್ಲೇ ಬರ್ಲಾ?" ಎಂದುಬಿಟ್ಟ ಬಾಯಿತಪ್ಪಿ.

ಕಾರು ಅವನ ಅಂಗಡಿ ಸೇರಿತು. ಹರಿದ ಟಾಪ್ ಹೊಸದಾಗಿ ಹೊಲಿಯಬೇಕಿತ್ತು. ಕಿಡಿ ಕೆಲಸ ಮುಗಿಸಿ ದಿನವೂ ಅಲ್ಲಿಗೇ. ಅವನು ಕ್ಯಾನ್ವಾಸ್ ಎಳೆದರೆ ಇವಳು ಹಿಡಿಯುವುದು, ಇವಳು ಮೇಣದ ದಾರ ಕೊಟ್ಟರೆ ಅವನು ಹೊಲಿಯುವುದು. ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಅಂಥದೇ ಇನ್ನೊಂದು ಕಾರಿತ್ತು, ನೀಲಿಯದು, ಅವನದೇ. ಭೂಮಿಯ ಮೇಲೆ ಆ ಜಾತಿಯವು ಎರಡೇ ಉಳಿದಿರುವುದು ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ, ಇದುವರೆಗೆ ಯಾರೂ ಅಲ್ಲಗಳೆದಿಲ್ಲ.

ಸಿಗದಿದ್ದದ್ದು ಒಂದೇ... ಆ ಎಡಗಡೆಯ ಕೀಲು. ಕಿಡಿ ಕೇಳದ ಗುಜರಿಯಿಲ್ಲ. "ನಿಮ್ಮೆಜಮಾನ್ರಿಗೆ ಫೋನ್ ಕೊಡಿ ಮೇಡಂ" ಎಂದವರೇ ಹೆಚ್ಚು! ಒಬ್ಬನಂತೂ ಟ್ರ್ಯಾಕ್ಟರಿನ ಕೊಂಡಿ ತೋರಿಸಿ, "ಅಡ್ಜಸ್ಟ್ ಮಾಡ್ಕೊಳ್ಳಿ" ಎಂದಿದ್ದ. ಅದಕ್ಕೂ ಮುಂಚೆ ಒಂದು ಗ್ಯಾರೇಜಿನವನು ಅವಳ ಕಾರಿನ ಮೂಲ ದೀಪಗಳನ್ನು ಬಿಚ್ಚಿಟ್ಟುಕೊಂಡು, ಅಗ್ಗದ ದೀಪ ಕೂರಿಸಿ ಕಳಿಸಿದ್ದ. ಹೆಂಗಸಿಗೆ ಏನು ಗೊತ್ತಾಗುತ್ತೆ ಅಂತ ಅಲ್ಲವೇ? ಆ ಗಾಯ ಇನ್ನೂ ಹಸಿಯಾಗಿತ್ತು.

"ದಬ್ಬಣ ಅಂಥವ್ನಲ್ಲ ಚಿಕ್ಕಮ್ಮ," ಎಂದಿದ್ದಳು ನನ್ನೆದುರು, ಕೆನ್ನೆ ಕೆಂಪು ಮಾಡಿಕೊಂಡು.

ಅದಾದ ಮೇಲೆ ಒಂದು ಮಧ್ಯಾಹ್ನ ಅವಳು ಬೇಗ ಹೋದಳು. ಅಂಗಡಿಯಲ್ಲಿ ಅವನಿರಲಿಲ್ಲ. ಅವಳ ಕಾರಿನ ಟಾಪ್ ಪೂರ್ತಿ ಬಿಚ್ಚಿತ್ತು. ಎಡಗಡೆಯ ಕೀಲಿನ ಜಾಗ ಖಾಲಿ! ಎಲ್ಲಿ ಹೋಯಿತು?

ಹುಡುಕುತ್ತಾ ಶೆಡ್ಡಿಗೆ ಹೋದಳು. ನೀಲಿ ಕಾರಿನ ಎಡಗಡೆ... ಕಪ್ಪೆ! ಅವಳೇ ಬೆಸೆದ, ಅವಳದೇ ಕಪ್ಪೆ, ಅವನ ಕಾರಿನ ಮೇಲೆ ಠಿಕಾಣಿ ಹೂಡಿತ್ತು.

'ಇವನೂ ಅಷ್ಟೇನಾ... ನನ್ನ ಕಾರು ಬಿಚ್ಚಿ ತನ್ನ ಕಾರಿಗೆ ಹಾಕ್ಕೊಳ್ಳೋಕಾ ಇಷ್ಟೆಲ್ಲ ನಗು, ಇಷ್ಟೆಲ್ಲ ಮಾತು?'

ದಬ್ಬಣ ಒಳಗೆ ಕಾಲಿಟ್ಟಾಗ ಅವಳು ಸ್ಪಾನರ್ ಹಿಡಿದು ಕೀಲು ಬಿಚ್ಚುತ್ತಿದ್ದಳು.

"ಅಯ್ಯೋ, ಅದನ್ನ ಯಾಕ್ರೀ..."

"ಮುಟ್ಬೇಡಿ! ದೀಪ ಕದ್ದವನು ಹೊಟ್ಟೆಪಾಡಿಗೆ ಕದ್ದ. ನೀವು ನಗುನಗ್ತಾ ಕದ್ರಲ್ಲ!"

"ನಾನು ಕಳ್ಳನಾ?"

"ಕಣ್ಣೆದುರಿಗಿದೆ. ಇನ್ನೇನ್ ಪಂಚಾಯ್ತಿ ಕರೀಬೇಕಾ?"

ಅವನ ಮುಖ ಸುಣ್ಣದಂತಾಯಿತು. ಕಾಲರಿನ ದಬ್ಬಣ ಕಿತ್ತು, ಮತ್ತೆ ಅಲ್ಲೇ ಚುಚ್ಚಿಕೊಂಡ. "ಹಾಗಂದ್ಕೊಂಡಿದ್ರೆ ತಗೊಂಡ್ಹೋಗಿ. ನಿಮ್ಮ ಸಾಮಾನೆಲ್ಲ ನಿಮ್ಮ ಕಾರಿನ ಸೀಟಿನ ಮೇಲಿರೋ ಚೀಲದಲ್ಲಿದೆ."

ಟಾಪಿಲ್ಲದ ಕಾರನ್ನು ಅವಳು ಓಡಿಸಿಕೊಂಡು ಬಂದ ರಭಸಕ್ಕೆ ದಾರಿಯ ಮರಗಳೆಲ್ಲ ಪಕ್ಕಕ್ಕೆ ಸರಿದುಕೊಂಡವು. ದಾರಿಯುದ್ದಕ್ಕೂ ಅತ್ತಳು. ಅತ್ತದ್ದಕ್ಕೆ ತನ್ನ ಮೇಲೇ ಸಿಟ್ಟು ಮಾಡಿಕೊಂಡು, ಇನ್ನಷ್ಟು ಅತ್ತಳು.

ಮನೆಯಂಗಳದಲ್ಲಿ ನಿಂತು, ಕಪ್ಪೆ ಕೀಲನ್ನು ಮತ್ತೆ ಕೂರಿಸಲೆಂದು ಆ ಚೀಲ ಸುರಿದಳು. ಸ್ಕ್ರೂಗಳು, ಪಟ್ಟಿಗಳು... ಜೊತೆಗೆ ಎಣ್ಣೆ ಹಚ್ಚಿ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ ಒಂದು ಎಡಗಡೆಯ ಕೀಲು! ಒಂದು ಗೀರೂ ಇಲ್ಲ. ಅಂಚಿನಲ್ಲಿ ಮಾತ್ರ ನೀಲಿ ಬಣ್ಣದ ಒಂದು ಚೂರು ಅಂಟಿತ್ತು.

ಕಿಡಿ ಅಂಗಳದಲ್ಲೇ ಕುಕ್ಕರಿಸಿದಳು. ಕದ್ದಿರಲಿಲ್ಲ! ತನ್ನ ಕಾರಿನ ಒಳ್ಳೇ ಕೀಲು ಬಿಚ್ಚಿ ಅವಳಿಗಿಟ್ಟು, ಅವಳ ಮುರುಕನ್ನು ತಾನು ಹಾಕಿಕೊಂಡಿದ್ದ. ಈಗ ಅವನ ಕಾರಿಗೆ ಆ ಮುರುಕೂ ಇಲ್ಲ.

"ನೋಡಿದ್ಯಾ ಎಂಥ ಹುಡುಗ!" ಎಂದೆ ನಾನು. "ಓಡು, ಕಾಲಿಗೆ ಬೀಳು!"

"ಕಾಲಿಗಾ?" ಎದ್ದುನಿಂತಳು. ಕಣ್ಣಲ್ಲಿ ನೀರು, ಮೂಗಿನ ತುದಿಯಲ್ಲಿ ಬೆಂಕಿ. "ಯಾರು ಕೇಳಿದ್ರು ಇವ್ರ ದಾನಾನ? ಕಾರು ನನ್ನದು. ಅದಕ್ಕೇನು ಹಾಕ್ಬೇಕು ಅಂತ ನನ್ನ ಒಂದು ಮಾತು ಕೇಳೋದು ಬೇಡ್ವಾ? ಕದ್ದವನೂ ಕೇಳ್ಲಿಲ್ಲ, ಕೊಟ್ಟವನೂ ಕೇಳ್ಲಿಲ್ಲ!"

ಆಡಿದ ಮಾತನ್ನು ನಾನು ವಾಪಸು ತೆಗೆದುಕೊಂಡೆ. ಜೀವಮಾನದಲ್ಲಿ ಅದೇ ಮೊದಲ ಸಲ.

'ಆದ್ರೆ ಕಳ್ಳ ಅಂದೆನಲ್ಲ... ಆ ಮುಖ... ಇನ್ನು ಯಾವ ಮುಖ ಇಟ್ಕೊಂಡ್ ಹೋಗ್ಲಿ?' ಎಂದುಕೊಂಡಳು ಕಿಡಿ.

ಬರಿಗೈಯಲ್ಲಿ ಹೋಗುವ ಹುಡುಗಿಯಲ್ಲ ಅವಳು. ಮರುದಿನ ಹಲ್ಲಿನ ಲ್ಯಾಬಿಗೆ ಆ ಒಳ್ಳೇ ಕೀಲನ್ನು ತೆಗೆದುಕೊಂಡು ಹೋದಳು. ಒಸಡಿನ ಅಚ್ಚು ತೆಗೆಯುವ ಗುಲಾಬಿ ಬಣ್ಣದ ಹಿಟ್ಟಿನಲ್ಲಿ ಅದನ್ನು ಒತ್ತಿ ಅಚ್ಚು ತೆಗೆದಳು. ಅಚ್ಚಿಗೆ ಮೇಣ ಸುರಿದು ಮೇಣದ ಕೀಲು ಮಾಡಿ, ಅದರ ಸುತ್ತ ಗಾರೆ ಕಟ್ಟಿ, ಮೇಣ ಕರಗಿಸಿ, ಆ ಜಾಗಕ್ಕೆ ಹಲ್ಲಿನ ಸೆಟ್ಟಿನ ಗಟ್ಟಿ ಲೋಹ ಕಾಯಿಸಿ ಎರೆದಳು. ಮೊದಲನೆಯದು ಒಳಗೆ ಟೊಳ್ಳಾಗಿ, ಹಿಡಿದರೆ ಮುರಿಯಿತು. ಮತ್ತೊಂದು ಸೊಟ್ಟ. ಮೂಗಿನ ಮೇಲಿನ ಬೆವರೊರೆಸಿಕೊಂಡು ಮತ್ತೆ ಎರೆದಳು. ಆ ವಾರ ಊರಿನ ಅರ್ಧ ಮುದುಕರು ಹಲ್ಲಿಲ್ಲದೆ ಗಂಜಿ ಕುಡಿದರು, ಪಾಪ!

ಕೊನೆಗೊಂದು ಕೀಲು ಸರಿಬಂತು. ಎರಡನ್ನೂ ಹಿಡಿದು ಅವಳು ಅಂಗಡಿಗೆ ಹೋದಾಗ, ದಬ್ಬಣ ಯಾರದೋ ಸೀಟು ಹೊಲಿಯುತ್ತಿದ್ದ. ತಲೆಯೆತ್ತಲಿಲ್ಲ.

"ಇದು ನಿಮ್ಮ ಕೀಲು, ನಿಮ್ಮ ಕಾರಿಗೆ. ಇದು ನಾನು ಮಾಡಿದ್ದು, ನನ್ನ ಕಾರಿಗೆ. ಕಳ್ಳ ಅಂದದ್ದು ನನ್ನ ತಪ್ಪು. ಕ್ಷಮಿಸಿ. ಆದ್ರೆ ಕೇಳದೆ ಯಾಕ್ರೀ ಕೊಟ್ರಿ?"

"ಕೇಳಿದ್ರೆ ಬೇಡ ಅಂತಿದ್ರಿ."

"ಬೇಡ ಅನ್ನೋಕಾದ್ರೂ ಕೇಳ್ಬೇಕಿತ್ತು!"

ಅವನು ಹೊಸ ಕೀಲನ್ನು ತಿರುಗಿಸಿ ತಿರುಗಿಸಿ ನೋಡಿದ. ಕಣ್ಣು ತುಂಬಿಬಂತು. ದಬ್ಬಣವನ್ನು ಬಿಸಾಡಿ, ನಡುಬೀದಿಯಲ್ಲಿ ಮಂಡಿಯೂರಿ, "ಪ್ರಿಯೆ! ನೀನಿಲ್ಲದ ನನ್ನ ಬಾಳು ಚುಕ್ಕಿಗಳಿಲ್ಲದ ಆಕಾಶ!" ಎಂದು ಗದ್ಗದಿತನಾದ. ಬಸ್ಸುಗಳು ನಿಂತವು, ಪೊಲೀಸಿನವನು ಸೀಟಿ ನುಂಗಿದ, ಮೋಡಗಳು...

"ಚಿಕ್ಕಮ್ಮಾ!"

ಅಯ್ಯೋ. ಕಿಡಿ ಬೆನ್ನ ಹಿಂದೆಯೇ ನಿಂತು, ನಾನು ಬರೆಯುತ್ತಿರುವುದನ್ನು ಓದುತ್ತಿದ್ದಾಳೆ.

"ಪ್ರಿಯೆನಾ? ಅವ್ರ ಬಾಯಲ್ಲಿ? ನೀವೇನ್ ಅಲ್ಲಿದ್ರಾ?"

"ಇದ್ದ ಹಾಗೇ ಕಣೇ..."

"ಚಿಕ್ಕಮ್ಮ."

"ಇರ್ಲಿಲ್ಲ. ಮನೇಲಿ ಕಾಲು ಚಾಚ್ಕೊಂಡು ಮಲಗಿದ್ದೆ, ಸಾಕಾ?"

"ಹಾಗಾದ್ರೆ ನಾನು ಹೇಳಿದ್ದನ್ನ ಹೇಳಿದ ಹಾಗೆ ಬರೀರಿ. ನನ್ನ ಜೀವನದಲ್ಲಿ ಅದೊಂದು ಮಾತಿಗೆ ಬಣ್ಣ ಬಳಿಬೇಡಿ."

ಸರಿ. ಸಿಕ್ಕಿಬಿದ್ದೆ, ಒಪ್ಪಿಕೊಳ್ಳುತ್ತೇನೆ. ಯಾರೂ ಮಂಡಿಯೂರಲಿಲ್ಲ. ಬಸ್ಸುಗಳು ತಮ್ಮ ಪಾಡಿಗೆ ಹೋಗುತ್ತಿದ್ದವು. ಇಬ್ಬರೂ ಕೆನೆ ಬಣ್ಣದ ಕಾರಿಗೆ ಅವಳು ಮಾಡಿದ ಕೀಲು ಕೂರಿಸುತ್ತಿದ್ದರು. ಅವನು ತಲೆ ತಗ್ಗಿಸಿಕೊಂಡೇ ಅಂದನಂತೆ:

"ನಿಮ್ಮನ್ನ ಕೇಳದೆ ಇನ್ನೊಂದು ಕೆಲಸಾನೂ ಮಾಡ್ಬಿಟ್ಟಿದೀನಿ."

"ಈಗ ಇನ್ನೇನು ಬಿಚ್ಚಿದ್ರಿ?"

"ಬಿಚ್ಚಿಲ್ಲ... ನಿಮ್ಮನ್ನ ಇಷ್ಟಪಟ್ಟಿದೀನಿ."

ಸ್ಪಾನರ್ ನಿಂತಿತಂತೆ.

"ಅದನ್ನಾದ್ರೂ ಕೇಳ್ಬಾರ್ದಾ ಮೊದ್ಲು?"

"ಈಗ ಕೇಳ್ತಿದೀನಲ್ಲ. ಬೇಡ ಅನ್ನೋದಿದ್ರೂ ಅನ್ನಿ."

ಅವಳು ಒಂದು ಸ್ಕ್ರೂ ಪೂರ್ತಿ ಬಿಗಿದಳಂತೆ. ಆಮೇಲೆ, "ಬೇಡ ಅನ್ನಲ್ಲ," ಎಂದಳಂತೆ. "ಆ ಕಡೆ ಗಟ್ಟಿಯಾಗಿ ಹಿಡ್ಕೊಳ್ಳಿ. ಇನ್ನೊಂದು ಸ್ಕ್ರೂ ಬಾಕಿ ಇದೆ."